ಗುರುತು ಹೇಳಿ, ಒಯ್ಯಿರಿ

ಟ್ರೇಯಲ್ಲಿ ಐದು ಸಾಮಾನು.
ಬೀಗ, ಬಾಚಣಿಗೆ, ಸೌಟು, ಕಟ್ಟಿಟ್ಟ ಕೊಡೆ.
ಐದನೆಯದು ನನ್ನದೇ ಎಡಗಾಲಿನ ಚಪ್ಪಲಿ.
ಇಲಾಖೆಯ ಪೆಟ್ಟಿಗೆಯಲ್ಲಿದ್ದ ಸೋಪು ಯಾರೋ ಒಯ್ದಿದ್ದರು.

ಪರೇಲಿನ ಆಸ್ಪತ್ರೆ, ಮೂರನೇ ಮಹಡಿ. ಕಿಟಕಿಯಾಚೆ
ಮುಚ್ಚಿದ ಗಿರಣಿಯ ಚಿಮಣಿ, ಅದರ ತಲೆಯ ಮೇಲೆ ಬಾಗಿದ ಗಾಜಿನ ಕಟ್ಟಡ.
ದೂಮಪ್ಪ ಬಂಗೇರರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ,
ಇಸ್ತ್ರಿಯ ಅಂಗಿ, ಜೇಬಿಗೆ ಪೆನ್ನು.
ರೈಲ್ವೆಯಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನ ಹಿಂದೆ
ಮೂವತ್ತೊಂದು ವರ್ಷ ಕೂತ ಬೆನ್ನು ಅದು.

ಕಣ್ಣಿಗೇನೂ ಆಗಿಲ್ಲವಂತೆ.
ನಿಜವೇ. ಗೋಡೆಯ ಮೇಲಿನ ಇರುವೆಯನ್ನು ನನಗಿಂತ ಮೊದಲು ಕಾಣುತ್ತಾರೆ:
"ಅಗೋ, ಒಂದು ಚುಕ್ಕೆ ನಡೆಯುತ್ತಿದೆ."

ಕೊಡೆ ಎತ್ತಿ ಹಿಡಿದೆ.
"ಉದ್ದ. ಕಪ್ಪು. ಒಂದು ತುದಿ ಚೂಪು, ಇನ್ನೊಂದು ಬಾಗಿದೆ.
ಮೈತುಂಬ ನೆರಿಗೆ. ನಡುವಿಗೊಂದು ಪಟ್ಟಿ."
ಏನಿದು?
"ಅದೇ ಗೊತ್ತಾಗುವುದಿಲ್ಲ ಮಾರಾಯ್ತಿ."

ನಾನು ಕಲಿತದ್ದು ಇಷ್ಟು:
ತಲೆಯ ಹಿಂಬದಿಯಲ್ಲಿ ಒಂದು ದಾದರ್ ಇದೆ.
ಯಾವ ವಸ್ತುವೂ ಅಲ್ಲಿಗೆ ಇಡಿಯಾಗಿ ಬಂದಿಳಿಯುವುದಿಲ್ಲ.
ಅಂಚು ಒಂದು ಡಬ್ಬಿಯಲ್ಲಿ, ಬಣ್ಣ ಇನ್ನೊಂದರಲ್ಲಿ,
ಓರೆಗೆರೆ, ನೆಟ್ಟಗೆರೆ, ನೆರಳು, ಎಲ್ಲ ಬಾಗಿಲಿಗೆ ಜೋತುಬಿದ್ದು.
ಅಲ್ಲಿಂದ ಎರಡು ಲೈನು.
ಮೇಲಿನದು ಕೈಯ ಕಡೆಗೆ: ಎಲ್ಲಿದೆ, ಹೇಗೆ ಹಿಡಿಯಬೇಕು.
ಕೆಳಗಿನದು ಕಿವಿಯ ಹಿಂದಿನ ಓಣಿಗಳಿಗೆ: ಏನಿದು.
ಜುಲೈಯ ಒಂದು ರಾತ್ರಿ ಕಾಳಿನಷ್ಟು ರಕ್ತ ಹೆಪ್ಪುಗಟ್ಟಿ
ಕೆಳಗಿನ ಲೈನು ಮುಳುಗಿತು.
ಮೇಲಿನದು ಓಡುತ್ತಲೇ ಇದೆ.

ಅದಕ್ಕೇ, ಚಹಾ ಬಂದಾಗ
ಏನೆಂದು ತಿಳಿಯದ ಆ ಬಿಳಿಯ ವಸ್ತುವಿನ ಕಿವಿಗೆ
ಅವರ ಬೆರಳು ತಪ್ಪದೆ ಹೋಗುತ್ತದೆ.
ಹಿಡಿದ ಮೇಲೆ "ಓ, ಕಪ್ಪು!" ಎನ್ನುತ್ತಾರೆ.
ಬಿಳಿಯದನ್ನು ಕಪ್ಪು ಎಂದದ್ದಕ್ಕೆ ಇಬ್ಬರೂ ನಗುತ್ತೇವೆ.
ದಿನಾ ಅದೇ ಜೋಕು. ದಿನಾ ನಗು ಬರುತ್ತದೆ.

ಟಿಫಿನ್ ಡಬ್ಬಿ, ಕಟ್ಟಿಸಿದ ಹಲ್ಲು, ಒಮ್ಮೆ ಹಾರ್ಮೋನಿಯಂ,
ಕಸಾರಾ ಲೋಕಲಿನಲ್ಲಿ ಮರೆತುಬಂದ ಮದುಮಗನ ಬಾಸಿಂಗ.
ಏದುಸಿರು ಬಿಡುತ್ತ ಬಂದವರಿಗೆಲ್ಲ
ಮರಾಠಿಯಲ್ಲಿ, ಹಿಂದಿಯಲ್ಲಿ, ಊರಿನವರಾದರೆ ತುಳುವಿನಲ್ಲಿ
ಅವರದು ಒಂದೇ ಮಾತು: ಗುರುತು ಹೇಳಿ, ಒಯ್ಯಿರಿ.
ಎಲ್ಲಿ ಹರಿದಿದೆ, ಯಾವ ಬಣ್ಣದ ದಾರದಲ್ಲಿ ಹೊಲಿದಿದೆ,
ಹೇಳಿದರೆ ಸಾಮಾನು ನಿಮ್ಮದು.

ಈಗ ಅವರೇ ಕೌಂಟರಿನ ಈಚೆ.
ಗುರುತೆಲ್ಲ ಹೇಳುತ್ತಾರೆ, ಒಂದೂ ತಪ್ಪಿಲ್ಲ.
ಒಳಗಿನ ಗುಮಾಸ್ತ ಎದ್ದು ಬರುವುದಿಲ್ಲ.

ಕೊಡೆಯ ಗುಂಡಿ ಒತ್ತಿದೆ. ಫಟ್!
"ಕೊಡೆ," ಎಂದರು ಥಟ್ಟನೆ.
"ಒಂದು ಕಡ್ಡಿ ಸಡಿಲ ಇದೆ."
ಅದನ್ನೂ ಕಿವಿಯೇ ಹೇಳಿತು.

ಒಂಬತ್ತನೆಯ ದಿನ ನೋಡಿದೆ:
ತೊಡೆಯ ಮೇಲೆ ಅವರ ತೋರುಬೆರಳು ಏನೋ ತಿದ್ದುತ್ತಿದೆ.
ಹದಿಮೂರರ ವಯಸ್ಸು, ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ,
ರಾತ್ರಿ ಶಾಲೆಗೆ ಹೋಗುವ ಮೊದಲಿನ ಅರ್ಧ ಗಂಟೆ
ಮೇಜಿಗೆ ಚೆಲ್ಲಿದ ಚಹಾದಲ್ಲಿ ಬೆರಳದ್ದಿ ತಿದ್ದಿದ ಅ, ಆ.
ಯಜಮಾನ ಬಂದರೆ ಒರೆಸು. ಹೋದರೆ ಮತ್ತೆ ತಿದ್ದು.

ಕಣ್ಣು ಬೀಗದ ಅಂಚು ಹಿಡಿದು ನಿಧಾನ ಹೋಗುತ್ತದೆ,
ಹಿಂದೆಯೇ ಬೆರಳು. ಮೇಲಕ್ಕೆ, ಒಂದು ಬಾಗು, ಕೆಳಕ್ಕೆ, ಚೌಕ.
ನನ್ನ ಗಡಿಯಾರದಲ್ಲಿ ನಲವತ್ತು ಸೆಕೆಂಡು.
"ಬೀ... ಬೀಗ."
ನನಗದು ಕಂಡದ್ದೇ ಬೀಗವಾಗಿ. ಗೆರೆ ಎಂದೂ ಕಂಡಿರಲಿಲ್ಲ.

ಬಾಚಣಿಗೆಗೆ ಸೋತರು. ಹಲ್ಲು ಎಣಿಸುತ್ತ ದಾರಿ ತಪ್ಪಿತು.
ಸೌಟು ನಾಳೆಗಿರಲಿ ಎಂದರು.
ಕೊನೆಗೆ ಅದು. ಬೆರಳು ಎರಡು ಸುತ್ತು ಹೋಗಿ ನಿಂತಿತು.
"ಚಪ್ಪಲಿ. ಉಂಗುಷ್ಠ ಹರಿದಿದೆ,
ಕೆಂಪು ದಾರದಲ್ಲಿ ಹೊಲಿದಿದ್ದಾರೆ, ಅದೂ ಬಿಡುತ್ತಿದೆ."
ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡು
ಜೇಬಿನಿಂದ ಪೆನ್ನು ತೆಗೆದರು.
"ಗುರುತು ಹೇಳಿದೆನಲ್ಲ. ಸಹಿ ಎಲ್ಲಿ ಹಾಕಲಿ?"

ರಿಜಿಸ್ಟರು ಹುಡುಕಿದೆ,
ಒಂದು ಕಾಲು ತಣ್ಣನೆಯ ನೆಲದ ಮೇಲೆ.